ಅನ್ನ ಬಿಟ್ಟ ಸಾಹುಕಾರನ ಫಲಾಹಾರ

ಇಂದ್ರಿಯನಿಗ್ರಹದ ಮಾತು ಬಂತಲ್ಲ, ನೋಡಿ, ಕಣ್ಣು ಕಿವಿಗಳ ವಿಚಾರ ನಿನ್ನೆಯೇ ಮುಗಿಯಿತು. ಇವತ್ತು ನಾಲಿಗೆಯ ಸರದಿ. ಹಿಂದೆ ಕೂತವರು ಸ್ವಲ್ಪ ಮುಂದೆ ಬನ್ನಿ. ಅಡುಗೆಮನೆ ಕಡೆ ಮೂಗು ತಿರುಗಿಸಿ ಕೂತಿರುವವರೂ ಈ ಕಡೆ ತಿರುಗಿ. ಪ್ರಸಾದ ಎಲ್ಲೂ ಓಡಿಹೋಗುವುದಿಲ್ಲ. ಅಲ್ಲಿಯವರೆಗೆ ಒಂದು ಕಥೆ ಕೇಳಿ.

ಒಂದು ಊರು ಅನ್ನಿ, ಆ ಊರಿಗೊಬ್ಬ ಸಾಹುಕಾರ ಅನ್ನಿ. ಊರು ಯಾವುದು ಅಂತ ಕೇಳಬೇಡಿ, ಅವನ ಹೆಸರನ್ನೂ ಕೇಳಬೇಡಿ. ಹೇಳಿದರೆ ಈ ಸಭೆಯಲ್ಲಿ ನಾಲ್ಕು ಜನ ಪಕ್ಕದವರ ಮುಖ ನೋಡುತ್ತೀರಿ, ಇನ್ನು ನಾಲ್ಕು ಜನ ತಲೆ ತಗ್ಗಿಸುತ್ತೀರಿ. ನಮಗ್ಯಾಕೆ ಆ ಉಸಾಬರಿ? ಅವನ ಹೆಂಡತಿಯ ಹೆಸರು ಮಾತ್ರ ಹೇಳುತ್ತೇನೆ, ರಂಗಾಜಮ್ಮ. ಈ ಕಥೆಯಲ್ಲಿ ಮುಚ್ಚಿಡುವಂಥ ಕೆಲಸ ಏನೂ ಮಾಡದವಳು ಅವಳೊಬ್ಬಳೇ.

ಸಾಹುಕಾರನದು ಕೊಬ್ಬರಿ ಮಂಡಿ. ಒಣಗಿದ ಕಾಯನ್ನು ಕಿವಿಗೆ ಹಿಡಿದು ಎರಡು ಸಲ ಅಲ್ಲಾಡಿಸಿದರೆ ಸಾಕು, ಒಳಗಿರುವುದು ಒಳ್ಳೆ ಕೊಬ್ಬರಿಯೋ ಕೊಳೆತದ್ದೋ ಹೇಳಿಬಿಡುತ್ತಿದ್ದ. ಒಡೆದು ನೋಡಿದರೆ ಅವನು ಹೇಳಿದ್ದೇ ನಿಜ. ಅದಕ್ಕಿಂತ ದೊಡ್ಡ ಹೆಸರು ಅವನಿಗೆ ಇನ್ನೊಂದು ವಿಷಯದಲ್ಲಿತ್ತು. ಸಾಹುಕಾರ ಮಾತಿಗೆ ತಪ್ಪುವವನಲ್ಲ. ಆಡಿದ ಮಾತು ಆಡಿದ್ದೇ. "ನಾನು ಅಂದಿದ್ದೇನು? ಅಷ್ಟನ್ನ ಮಾಡ್ದೆನೋ ಇಲ್ವೋ?" ಅಂತ ಮೀಸೆ ತಿರುವುತ್ತಿದ್ದ. ಈ ಮಾತು ನೆನಪಿಟ್ಟುಕೊಳ್ಳಿ. ಮುಂದೆ ಬೇಕಾಗುತ್ತದೆ.

ಐವತ್ತೆರಡರ ವಯಸ್ಸಿನಲ್ಲಿ ಸಾಹುಕಾರನಿಗೆ ವಿಪರೀತ ಬಾಯಾರಿಕೆ ಶುರುವಾಯಿತು. ಒಂದು ಬಿಂದಿಗೆ ನೀರು ಕುಡಿದರೂ ಸಾಲದು. ಕುಡಿದದ್ದಕ್ಕಿಂತ ಹೆಚ್ಚು ಸಲ ಹಿತ್ತಲಿಗೆ ಹೋಗಿ ಬರುವುದು ಬೇರೆ. ರಂಗಾಜಮ್ಮ ಬಲವಂತವಾಗಿ ಡಾಕ್ಟರಮ್ಮನ ಹತ್ತಿರ ಕರೆದುಕೊಂಡು ಹೋದಳು. ಡಾಕ್ಟರಮ್ಮ ಚಿಕ್ಕ ವಯಸ್ಸಿನವಳು, ಆ ಊರಿಗೆ ಹೊಸಬಳು. ಅಪ್ಪ ಅಮ್ಮ ಕನ್ನಡದವರೇ. ಆದರೆ ಹುಡುಗಿ ಹುಟ್ಟಿ ಬೆಳೆದದ್ದೆಲ್ಲ ದೆಹಲಿಯ ಕಡೆ. ಕನ್ನಡವನ್ನು ಪುಸ್ತಕ ಇಟ್ಟುಕೊಂಡು ಶ್ರದ್ಧೆಯಿಂದ ಕಲಿತಿದ್ದಳು.

ರಕ್ತ ಪರೀಕ್ಷೆ ಆಯಿತು. ಬೆಳಗಿನ ಖಾಲಿ ಹೊಟ್ಟೆಯಲ್ಲೇ ಇನ್ನೂರ ಎಪ್ಪತ್ತು.

"ಸಾಹುಕಾರ್ರೇ, ನಿಮಗೆ ಸಕ್ಕರೆ ಕಾಯಿಲೆ ಇದೆ. ಅನ್ನ ತುಂಬಾ ಕಡಿಮೆ ಮಾಡಬೇಕು. ಸಕ್ಕರೆ ಮುಟ್ಟಲೇಬಾರದು. ಈ ಮಾತ್ರೆ ತಪ್ಪಿಸಬಾರದು."

"ಕಮ್ಮಿ ಏನ್ ತಾಯಿ ಕಮ್ಮಿ! ಇವತ್ತಿಂದ ಅನ್ನ ಬಿಟ್ಟೆ. ಸಕ್ಕರೆನೂ ಬಿಟ್ಟೆ. ಮಾತಂದ್ರೆ ಮಾತು."

ಡಾಕ್ಟರಮ್ಮನಿಗೆ ಕಣ್ಣಲ್ಲಿ ನೀರು ಬರುವುದೊಂದು ಬಾಕಿ. ಇಂಥ ರೋಗಿ ಊರಿಗೊಬ್ಬ ಇದ್ದರೆ ಸಾಕು ಅಂದುಕೊಂಡಳು. ಬೆರಳು ಚುಚ್ಚಿ ಸಕ್ಕರೆ ನೋಡುವ ಮಿಷನ್ ಒಂದನ್ನು ಬರೆದುಕೊಟ್ಟಳು. "ಊಟ ಆಗಿ ಎರಡು ಗಂಟೆಗೆ ನೋಡ್ಕೊಳ್ಳಿ, ನಿಮ್ಮ ಊಟ ಏನು ಮಾಡ್ತಿದೆ ಅಂತ ಅದೇ ಹೇಳುತ್ತೆ" ಅಂದಳು. ಸಾಹುಕಾರ ಅದನ್ನು ಅದೇ ದಿನ ತಂದ. ತಂದವನು ಏನು ಮಾಡಿದ? ದೇವರ ಮನೆಯಲ್ಲಿಟ್ಟು ಅರಿಶಿನ ಕುಂಕುಮ ಹಚ್ಚಿ, ಮೇಲೊಂದು ಸೇವಂತಿಗೆ ಹೂವಿಟ್ಟ. ಆಯುಧಪೂಜೆಗೂ ಅದಕ್ಕೆ ಮಂಗಳಾರತಿ ಆಯಿತು. ಬೆರಳು ಚುಚ್ಚಿದ್ದು ಮಾತ್ರ ಒಂದು ದಿನವೂ ಇಲ್ಲ. ನಗುತ್ತೀರಲ್ಲ? ನಿಮ್ಮ ಮನೆಯ ಮಿಷನ್ ಎಲ್ಲಿದೆ ಅಂತ ನಾನು ಕೇಳಿದೆನೇ?

ಮನೆಗೆ ಬಂದ ಮೊದಲ ಸಂಜೆ. ರಂಗಾಜಮ್ಮ ಹುರುಳಿಕಾಯಿ ಪಲ್ಯ, ತೊವ್ವೆ, ಮಜ್ಜಿಗೆ ತಂದು ಇಟ್ಟಳು. ಸಾಹುಕಾರ ತಟ್ಟೆ ನೋಡಿದ. ತಟ್ಟೆಯೂ ಇವನನ್ನೇ ನೋಡಿತು.

"ಇದೇನು?"

"ಅನ್ನ ಬಿಟ್ಟೆ ಅಂದ್ರಲ್ಲ."

"ಅನ್ನ ಬಿಟ್ಟೆ ಕಣೇ. ಊಟ ಬಿಟ್ಟೆ ಅಂದ್ನಾ? ಶನಿವಾರ ಒಪ್ಪತ್ತು ದಿನ ಏನ್ ಮಾಡ್ತೀಯ?"

"ರಾತ್ರಿಗೆ ಪಲಾರ ಮಾಡ್ತೀನಿ."

"ಹಂಗೇ ಮಾಡು. ಇನ್ಮೇಲೆ ನಂಗೆ ದಿನಾ ಶನಿವಾರ."

ನೋಡಿ, ಸಿಕ್ಕಿತಲ್ಲ ದಾರಿ! ಒಪ್ಪತ್ತು ಮಾಡುವ ನಮ್ಮ ಮನೆಗಳಲ್ಲಿ ಫಲಾಹಾರ ಅಂದರೆ ಏನು? ಹಣ್ಣೇ? ಹಣ್ಣು ತಿಂದು ಮಲಗಿದವರು ಯಾರಾದರೂ ಇದ್ದರೆ ಕೈ ಎತ್ತಿ. ಒಬ್ಬರೂ ಇಲ್ಲ. ಫಲಾಹಾರ ಅಂದರೆ ಉಪ್ಪಿಟ್ಟು. ಫಲಾಹಾರ ಅಂದರೆ ದೋಸೆ. ಒಗ್ಗರಣೆ ಅವಲಕ್ಕಿ, ಶಾವಿಗೆ, ಸಬ್ಬಕ್ಕಿ ಕಿಚಡಿ, ಅಕ್ಕಿ ರೊಟ್ಟಿ. ಬೇಯಿಸಿದ ಅಕ್ಕಿ ಒಂದು ಬಿಟ್ಟು ಅಕ್ಕಿಯ ಬಂಧುಬಳಗವೆಲ್ಲ ಫಲಾಹಾರವೇ. ಅಕ್ಕಿಯನ್ನು ಬೇಯಿಸಿದರೆ ಅನ್ನ, ಉಪವಾಸ ಕೆಟ್ಟಿತು. ಅದೇ ಅಕ್ಕಿಯನ್ನು ರುಬ್ಬಿ ಕಾವಲಿ ಮೇಲೆ ಹುಯ್ದರೆ ದೋಸೆ, ಉಪವಾಸ ಉಳಿಯಿತು! ದೇವರಿಗೂ ಇಷ್ಟು ಜಾಣತನ ಇದೆಯೋ ಇಲ್ಲವೋ.

ಅವತ್ತಿನಿಂದ ಆ ಮನೆಯಲ್ಲಿ ಬೆಳಿಗ್ಗೆ ಇಡ್ಲಿ, ಮಧ್ಯಾಹ್ನ ಚಿತ್ರಾನ್ನದ ಬದಲು ಒಗ್ಗರಣೆ ಅವಲಕ್ಕಿ, ಸಂಜೆ ನಾಲ್ಕಕ್ಕೆ ಎರಡು ರಸಬಾಳೆ, ರಾತ್ರಿಗೆ ಬೆಣ್ಣೆ ಹಾಕಿದ ದೋಸೆ ಆರು. ಆರೇ ಯಾಕೆ? ಏಳನೆಯದಕ್ಕೆ ರಂಗಾಜಮ್ಮ ಹಿಟ್ಟು ಇಲ್ಲ ಅನ್ನುತ್ತಿದ್ದಳು, ಅದಕ್ಕೆ. ಇನ್ನು ಸಕ್ಕರೆ? ಮಾತಿಗೆ ತಪ್ಪಿದವನಲ್ಲ. ಒಂದು ಹರಳು ಸಕ್ಕರೆ ಮುಟ್ಟಲಿಲ್ಲ. ಕಾಫಿಗೆ ಬೆಲ್ಲ, ಹಾಲಿಗೆ ಬೆಲ್ಲ, ಹಬ್ಬಕ್ಕೆ ಒಬ್ಬಟ್ಟು, ಅದಕ್ಕೂ ಬೆಲ್ಲವೇ.

"ರೀ, ಬೆಲ್ಲನೂ ಸಿಹಿ ಅಲ್ವೇನ್ರೀ?"

"ಬೆಲ್ಲ ಗದ್ದೇಲಿ ಬೆಳೆಯೋದು ಕಣೇ, ಅದು ಔಷಧಿ. ಸಕ್ಕರೆ ಕಾಯಿಲೆ ಅಂತಾರೆ, ಯಾರಾದ್ರೂ ಬೆಲ್ಲದ ಕಾಯಿಲೆ ಅಂತಾರಾ?"

ರಂಗಾಜಮ್ಮ ಇದಕ್ಕೆ ಏನು ಉತ್ತರ ಹೇಳಬೇಕು? ನೀವೇ ಹೇಳಿ. ಸಕ್ಕರೆ ಬೆಳೆಯುವುದೂ ಅದೇ ಗದ್ದೆಯಲ್ಲಿ, ಅದೇ ಕಬ್ಬಿನಿಂದ ಅಂತ ಅವಳಿಗೆ ಗೊತ್ತಿತ್ತು. ಗಂಡನಿಗೂ ಗೊತ್ತಿತ್ತು. ಗೊತ್ತಿದ್ದವನ ಹತ್ತಿರ ವಾದ ಮಾಡಿ ಗೆದ್ದವರು ಯಾರು? ಅವಳು ಒಳಗೆ ಹೋಗಿ ಕಾವಲಿ ಇಟ್ಟಳು.

ಮೂರು ತಿಂಗಳಿಗೊಮ್ಮೆ ರಕ್ತ ಪರೀಕ್ಷೆ. ಅದಕ್ಕೆ ಮೂರು ದಿನ ಇರುವಾಗ ಸಾಹುಕಾರನ ಅವತಾರವೇ ಬೇರೆ. ದೋಸೆ ಕಾವಲಿ ಅಟ್ಟ ಸೇರುತ್ತಿತ್ತು. ಸೊಪ್ಪಿನ ಪಲ್ಯ, ನೀರು ಮಜ್ಜಿಗೆ, ಬೆಳಿಗ್ಗೆ ನಡಿಗೆ. ಬೀಗರು ಬರುತ್ತಾರೆ ಅಂದಾಗ ಜೇಡರ ಬಲೆ ತೆಗೆಯುವ ಹಾಗೆ ಮೂರು ದಿನ ಮೈ ಗುಡಿಸಿ ಸಾರಿಸುತ್ತಿದ್ದ. ಖಾಲಿ ಹೊಟ್ಟೆಯ ರಕ್ತ ಕೊಟ್ಟರೆ ನೂರ ಮೂವತ್ತೋ ನೂರ ನಲವತ್ತೋ ಬರುತ್ತಿತ್ತು.

"ಪರವಾಗಿಲ್ಲವೇ! ರಾತ್ರಿ ಏನು ತಗೋತೀರಿ?"

"ಪಲಾರ ತಾಯಿ. ಬರೀ ಪಲಾರ."

ಪುಸ್ತಕದ ಕನ್ನಡದಲ್ಲಿ ಫಲಾಹಾರ ಅಂದರೇನು? ಫಲ, ಆಹಾರ. ಹಣ್ಣಿನ ಊಟ. ಪಾಪ, ಡಾಕ್ಟರಮ್ಮ ಹಾಗೆಯೇ ಬರೆದುಕೊಂಡಳು, ರಾತ್ರಿ ಹಣ್ಣು ಮಾತ್ರ. "ಹಣ್ಣೂ ಜಾಸ್ತಿ ಬೇಡ" ಅಂತ ಎಚ್ಚರಿಸಿಯೂ ಕಳಿಸಿದಳು. "ಹಣ್ಣು ಎಲ್ಲಿ ತಾಯಿ, ಸಂಜೆ ಹೊತ್ತು ಎರಡೇ ಎರಡು ಬಾಳೆಹಣ್ಣು" ಅಂದ ಸಾಹುಕಾರ. ಅದೂ ಸುಳ್ಳಲ್ಲ! ಆಚೆ ಬರುತ್ತಲೇ ಹೋಟೆಲಿನ ಮುಂದೆ ನಿಂತು ಮಸಾಲೆ ದೋಸೆ ಹೇಳುತ್ತಿದ್ದ. ಪಾಸಾದ ಸಂತೋಷಕ್ಕೆ.

ಊರಿನಲ್ಲಿ ಸುದ್ದಿ ಹಬ್ಬಿತು. ಸಾಹುಕಾರ ಅನ್ನ ಬಿಟ್ಟಿದ್ದಾನಂತೆ! ಎಂಟು ತಿಂಗಳಿಂದ ಒಂದು ಅಗುಳು ಮುಟ್ಟಿಲ್ಲವಂತೆ! ಅಬ್ಬಬ್ಬಾ, ಎಂಥ ಮನಸ್ಸು! ಜನರಿಗೆ ಏನು ಬೇಕು, ಹೇಳಿ? ಒಬ್ಬ ತ್ಯಾಗಿ ಬೇಕು. ತಾವು ಆಗುವುದಕ್ಕಲ್ಲ, ನೋಡುವುದಕ್ಕೆ. ದೇವಸ್ಥಾನದ ಕಮಿಟಿಯವರು ಸಭೆ ಸೇರಿ ಅವನಿಗೆ ಸನ್ಮಾನ ಮಾಡುವುದೆಂದು ಠರಾವು ಮಾಡಿದರು. ಬಿರುದೂ ಸಿದ್ಧವಾಯಿತು. ಅನ್ನತ್ಯಾಗಿ.

ರಾಮನವಮಿ ಕಳೆದ ಮೇಲಿನ ಭಾನುವಾರ. ಮಟಮಟ ಮಧ್ಯಾಹ್ನ. ದೇವಸ್ಥಾನದ ಅಂಗಳದ ಹಾಸುಗಲ್ಲು ಕಾದು ಕೆಂಡ. ಚಪ್ಪಲಿ ಹೊರಗೆ ಬಿಟ್ಟು ಎಲ್ಲರೂ ಬರಿಗಾಲಿನಲ್ಲಿ ನಿಂತಿದ್ದಾರೆ. ಶಾಮಿಯಾನ ಇದ್ದದ್ದು ಅಧ್ಯಕ್ಷರ ಕುರ್ಚಿಗೆ ಮಾತ್ರ. ಅಧ್ಯಕ್ಷರು ಮಾತು ಶುರು ಮಾಡಿದರು. ಮಾಡಿದರು, ಮಾಡಿದರು, ಮಾಡುತ್ತಲೇ ಇದ್ದರು. ಜನ ಒಂದು ಕಾಲು ಎತ್ತಿ ಇನ್ನೊಂದು ಇಡುತ್ತಾರೆ, ಇನ್ನೊಂದು ಎತ್ತಿ ಮತ್ತೊಂದು ಇಡುತ್ತಾರೆ. ಹೆಂಗಸರು ಸೆರಗಿನ ತುದಿ ಕಾಲಡಿ ಹಾಕಿಕೊಂಡರು. ಕಾರ್ಯದರ್ಶಿ ಪಂಚೆ ಎತ್ತಿ ಕುಣಿದದ್ದನ್ನು ನೋಡಿ ಮಕ್ಕಳು ಬಿದ್ದು ಬಿದ್ದು ನಕ್ಕವು.

ಸಾಹುಕಾರ ಮಾತ್ರ ನಿಂತಲ್ಲೇ ನಿಂತಿದ್ದ. ನೆಟ್ಟಗೆ, ಮುಖ ಒಂದಿಷ್ಟೂ ಕಿವುಚದೆ. ಹೆಗಲ ಮೇಲೆ ಶಾಲು, ತಲೆ ಮೇಲೆ ಪೇಟ.

ಅಧ್ಯಕ್ಷರ ಕಣ್ಣಿಗೆ ಅದು ಬಿತ್ತು. "ನೋಡ್ರಪ್ಪಾ, ಎಲ್ರೂ ನೋಡಿ! ನೀವೆಲ್ಲ ಕುಣೀತಾ ಇದೀರಿ. ಅನ್ನತ್ಯಾಗಿಗಳು ಅಲ್ಲಾಡಿಲ್ಲ. ದೇಹ ಗೆಲ್ಲೋದು ಅಂದ್ರೆ ಇದು!"

ಚಪ್ಪಾಳೆಯೋ ಚಪ್ಪಾಳೆ. ಸಾಹುಕಾರನಿಗೂ ಒಂದು ಗಳಿಗೆ ಆಶ್ಚರ್ಯವಾಯಿತು. ಇವರೆಲ್ಲ ಯಾಕೆ ಕುಣಿಯುತ್ತಿದ್ದಾರೆ? ಬಗ್ಗಿ ತನ್ನ ಪಾದ ನೋಡಿಕೊಂಡ. ಕಲ್ಲಿನ ಮೇಲೆಯೇ ಇದ್ದವು. ಬಿಸಿಯೂ ಇಲ್ಲ, ತಣ್ಣಗೂ ಇಲ್ಲ, ಯಾರದೋ ಪಾದಗಳನ್ನು ನೋಡಿದ ಹಾಗಿತ್ತು. ಕೆಲವು ದಿನಗಳಿಂದ ಕಾಲು ಜೋಮು ಹಿಡಿದಂತೆ ಇದ್ದದ್ದು ನೆನಪಾಯಿತು. ಹೋದ ವಾರ ಒಂದು ಚಪ್ಪಲಿ ದಾರಿಯಲ್ಲೇ ಕಳಚಿ ಬಿದ್ದದ್ದು, ಒಂಟಿ ಚಪ್ಪಲಿಯಲ್ಲಿ ಮಂಡಿಯವರೆಗೂ ನಡೆದದ್ದು, ಜನ ನಕ್ಕ ಮೇಲೆ ತನಗೆ ತಿಳಿದದ್ದು ಕೂಡ ನೆನಪಾಯಿತು. ಎದೆಯಲ್ಲಿ ಏನೋ ಅಳುಕಿತು. ಆದರೆ ಚಪ್ಪಾಳೆ ಇನ್ನೂ ಬೀಳುತ್ತಿತ್ತು. ವ್ರತದ ಫಲ ಇರಬೇಕು ಅಂದುಕೊಂಡು ಎದೆ ಸೆಟೆಸಿ ನಿಂತ. ಕಮಿಟಿಯವರು ದೊಡ್ಡ ತಟ್ಟೆಯ ತುಂಬ ಕೇಸರಿಬಾತು ಕೊಟ್ಟರು. ಪ್ರಸಾದ ಬೇಡ ಅನ್ನಬಾರದಲ್ಲ, ಪೂರ್ತಿ ತಿಂದ.

ಮನೆಗೆ ಬಂದು ಹಜಾರ ದಾಟಿದ. ಹಿಂದೆಯೇ ಬಂದ ರಂಗಾಜಮ್ಮ ನೆಲ ನೋಡಿದಳು. ಕೆಂಪು ಗಾರೆಯ ಮೇಲೆ ಒದ್ದೆ ಹೆಜ್ಜೆ. ಕಾಲು ತೊಳೆದಿಲ್ಲ, ಒದ್ದೆ ಎಲ್ಲಿಂದ ಬಂತು? ಗಂಡನನ್ನು ಕೂರಿಸಿ ಪಾದ ಎತ್ತಿದಳು. ಬಲಗಾಲಿನ ಅಡಿ ಪೂರ್ತಿ ಬೊಬ್ಬೆ. ಎರಡು ಒಡೆದು ನೀರು ಸೋರುತ್ತಿತ್ತು.

"ಅಯ್ಯೋ ದೇವ್ರೇ! ನೋಯ್ತಿಲ್ವೇನ್ರೀ?"

"ಏನು?"

ಕೇಳಿದಿರಾ? ಪಾದ ಬೆಂದುಹೋಗಿದೆ, ಆ ಮನುಷ್ಯ "ಏನು" ಅಂತ ಕೇಳುತ್ತಿದ್ದಾನೆ. ರಂಗಾಜಮ್ಮ ಗಂಡನ ರಟ್ಟೆ ಹಿಡಿದು ಎಳೆದಳು.

"ಏಳಿ, ಈಗ್ಲೇ ಡಾಕ್ಟ್ರಮ್ಮನ ಹತ್ರ ಹೋಗಣ."

"ಸುಮ್ನಿರೇ. ಬಿರುದು ಕೊಟ್ಟು ಒಂದು ಗಂಟೆ ಆಗಿಲ್ಲ, ಆಸ್ಪತ್ರೆಗೆ ಹೋದ್ರೆ ಊರು ಏನನ್ನುತ್ತೆ? ಅರಿಶಿನ ಹಚ್ಚು, ವಾಸಿ ಆಗುತ್ತೆ."

"ನನಗೆ ನಿಮ್ಮ ಬಿರುದು ಬೇಡ, ನಿಮ್ಮ ಕಾಲು ಬೇಕು!" ಅಂತ ಅವಳು ಅತ್ತಳು. ಅತ್ತುಕೊಂಡೇ ಅರಿಶಿನ ಹಚ್ಚಿದಳು. ಒಂದು ವಾರ ಹಚ್ಚಿದಳು, ಎರಡು ವಾರ ಹಚ್ಚಿದಳು. ಗಾಯ ಆರಲಿಲ್ಲ. ಕಿರುಬೆರಳು ಮೊದಲು ಕೆಂಪಾಯಿತು, ಆಮೇಲೆ ಕಪ್ಪಾಯಿತು. ಸಾಹುಕಾರ ಅದರ ಮೇಲೆ ಬಟ್ಟೆ ಸುತ್ತಿ, ಸಾಕ್ಸ್ ಹಾಕಿ, ವಾಸನೆ ಬರದಿರಲೆಂದು ಮಂಡಿಯಲ್ಲಿ ಎರಡರ ಬದಲು ನಾಲ್ಕು ಊದುಕಡ್ಡಿ ಹಚ್ಚಿ ಕೂತ. ಇನ್ನೊಬ್ಬರ ಕಾಯಿಯೊಳಗೆ ಕೊಳೆತದ್ದನ್ನು ಕಿವಿಯಲ್ಲೇ ಕಂಡುಹಿಡಿಯುತ್ತಿದ್ದನಲ್ಲ, ಅದೇ ಮನುಷ್ಯ.

ಅಷ್ಟರಲ್ಲಿ ಪರೀಕ್ಷೆಯ ದಿನ ಬಂತು. ಈ ಸಲ ಮನಸ್ಸಿನಲ್ಲಿ ಭಯ ಹೊಕ್ಕಿತ್ತು. ಭಯಕ್ಕೆ ಮದ್ದೇನು? ಇನ್ನೂ ಒಳ್ಳೆಯ ಅಂಕ! ಮೂರು ದಿನ ಪಲ್ಯ ಮಜ್ಜಿಗೆಯನ್ನೂ ಬಿಟ್ಟು ಬರೀ ನೀರು ಕುಡಿದ. ಒಂದು ಮಾತ್ರೆಯ ಜಾಗದಲ್ಲಿ ಎರಡು ನುಂಗಿದ. ಹೆಂಡತಿಗೂ ಹೇಳಲಿಲ್ಲ. ಮೂರನೆಯ ಬೆಳಿಗ್ಗೆ ರಕ್ತ ಕೊಡುವ ಸಾಲಿನಲ್ಲಿ ಬೆಂಚಿನ ಮೇಲೆ ಕೂತಿದ್ದಾಗ ಮೈಯೆಲ್ಲ ಬೆವರಿತು, ಕೈ ನಡುಗಿತು, ಕಣ್ಣು ಕತ್ತಲೆ ಬಂದು ಪಕ್ಕದವನ ತೊಡೆಯ ಮೇಲೆ ಒರಗಿಬಿಟ್ಟ.

ಜೊತೆಗೆ ಬಂದಿದ್ದ ರಂಗಾಜಮ್ಮ ಕೂಗಿಕೊಂಡಳು, ಡಾಕ್ಟರಮ್ಮ ಓಡಿ ಬಂದಳು. ಸಕ್ಕರೆ ಅಳತೆಗೆ ಮೀರಿ ಇಳಿದುಹೋಗಿತ್ತು. ಪುಣ್ಯಕ್ಕೆ ಪೂರ್ತಿ ಎಚ್ಚರ ತಪ್ಪಿರಲಿಲ್ಲ, ಗ್ಲೂಕೋಸ್ ನೀರನ್ನು ಗುಟುಕು ಗುಟುಕಾಗಿ ಕುಡಿಸಿದಳು. ಹದಿನೈದು ನಿಮಿಷಕ್ಕೆ ಸಾಹುಕಾರ ಕಣ್ಣು ಬಿಟ್ಟ. ಬಿಟ್ಟವನ ಬಾಯಿಂದ ಬಂದ ಮೊದಲ ಮಾತೇನು ಗೊತ್ತೇ?

"ನೋಡ್ದೇನೇ ರಂಗೂ, ಡಾಕ್ಟ್ರಮ್ಮನೇ ಸಕ್ಕರೆ ಕುಡಿಸಿದ್ರು! ನಾನಾಗಿ ಮುಟ್ಲಿಲ್ಲ!"

ರಂಗಾಜಮ್ಮನಿಗೆ ಅಲ್ಲಿಯವರೆಗೆ ಹಿಡಿದಿಟ್ಟ ಸಿಟ್ಟೆಲ್ಲ ಒಮ್ಮೆಗೇ ಬಂತು. ಗಂಡನ ಕಾಲು ಹಿಡಿದು ಸಾಕ್ಸನ್ನೂ ಸುತ್ತಿದ ಬಟ್ಟೆಯನ್ನೂ ಎಳೆದು ಹಾಕಿದಳು. "ನೋಡಿ ತಾಯಿ, ನಿಮ್ಮ ಅನ್ನತ್ಯಾಗಿಗಳ ಪಾದ. ಕಣ್ಣಿಗೊತ್ಕೊಳ್ಳಿ!"

ಡಾಕ್ಟರಮ್ಮ ಪಾದ ನೋಡಿದಳು. ಪಿನ್ನಿನ ತುದಿಯಿಂದ ಅಂಗಾಲು ಮುಟ್ಟಿದಳು. "ಗೊತ್ತಾಗ್ತಿದೆಯಾ?" ಸಾಹುಕಾರ ಕೇಳಿದ, "ಮುಟ್ಟಿದ್ರಾ?" ಅವಳು ಇನ್ನೊಂದು ಸೀಸೆಗೆ ರಕ್ತ ತೆಗೆದು ಜಿಲ್ಲಾ ಆಸ್ಪತ್ರೆಗೆ ಕಳಿಸಿದಳು. ಅದು ಮೂರು ತಿಂಗಳ ಸರಾಸರಿ ಹೇಳುವ ಪರೀಕ್ಷೆ. ಮೂರು ದಿನದ ನಾಟಕಕ್ಕೆ ಅದು ಮರುಳಾಗುವುದಿಲ್ಲ. ಮಾರನೆಯ ದಿನ ಉತ್ತರ ಬಂತು. ಏಳರ ಹತ್ತಿರ ಇರಬೇಕಾದದ್ದು ಹನ್ನೊಂದೂವರೆ ಇತ್ತು.

"ಸಾಹುಕಾರ್ರೇ, ಇದು ಹಣ್ಣು ತಿನ್ನುವವರ ರಕ್ತ ಅಲ್ಲ."

"ಹಣ್ಣಾ? ಯಾರು ತಾಯಿ ಹಣ್ಣು ತಿಂದಿದ್ದು?"

"ಫಲಾಹಾರ ಅಂದಿರಲ್ಲ, ಪ್ರತಿ ಸಲವೂ! ಬರೆದುಕೊಂಡಿದ್ದೇನೆ, ನೋಡಿ."

ರಂಗಾಜಮ್ಮ ಹಣೆ ಚಚ್ಚಿಕೊಂಡಳು. "ಪಲಾರ ಅಂದ್ರೆ ಹಣ್ಣಲ್ಲ ನಮ್ಮವ್ವಾ! ದೋಸೆ, ಉಪ್ಪಿಟ್ಟು, ಅವಲಕ್ಕಿ, ಶಾವಿಗೆ! ಒಂದು ಹೊತ್ತಿಗೆ ಆರು ದೋಸೆ ತಿಂತಾರೆ."

ಡಾಕ್ಟರಮ್ಮ ಪೆನ್ನು ಕೆಳಗಿಟ್ಟಳು. "ನನ್ನದೂ ತಪ್ಪಿದೆ. ತಟ್ಟೆಯಲ್ಲಿ ಏನಿರುತ್ತೆ ಅಂತ ಕೇಳಬೇಕಿತ್ತು. ನಾನು ಅದರ ಹೆಸರು ಕೇಳಿ ಸುಮ್ಮನಾದೆ."

ಸಾಹುಕಾರ ಮೆತ್ತಗಿನ ದನಿಯಲ್ಲಿ ಹೇಳಿದ, "ತಾಯಿ, ನಾನು ಮಾತಿಗೆ ತಪ್ಪಿಲ್ಲ. ಅನ್ನ ಬಿಟ್ಟೆ ಅಂದೆ, ಬಿಟ್ಟೆ. ಸಕ್ಕರೆ ಬಿಟ್ಟೆ ಅಂದೆ, ಬಿಟ್ಟೆ."

"ನೀವು ತಪ್ಪಿಲ್ಲ. ಆದರೆ ನಿಮ್ಮ ರಕ್ತಕ್ಕೆ ಕನ್ನಡ ಬರಲ್ಲ ಸಾಹುಕಾರ್ರೇ. ಅನ್ನ, ತಿಂಡಿ, ಫಲಾಹಾರ, ಬೆಲ್ಲ ಅಂತ ಅದಕ್ಕೆ ಬೇರೆ ಬೇರೆ ಹೆಸರು ಗೊತ್ತಿಲ್ಲ. ಎಲ್ಲಾ ಹೋಗಿ ಅಲ್ಲಿ ಸಕ್ಕರೆನೇ ಆಗೋದು. ಈಗ ಕಿರುಬೆರಳು ಹೋಗಿದೆ, ಪಕ್ಕದ್ದೂ ಉಳಿಯಲ್ಲ. ಇವತ್ತಿಂದ ಸಕ್ಕರೆ ಹಿಡಿತಕ್ಕೆ ಬಂದರೆ ಪಾದ ಉಳಿಯಬಹುದು. ಬರದೇ ಇದ್ದರೆ ಎಲ್ಲಿವರೆಗೆ ತೆಗೀಬೇಕಾಗುತ್ತೋ ನಾನು ಹೇಳಲಾರೆ."

ಸಾಹುಕಾರ ತನ್ನ ಕಾಲು ನೋಡಿಕೊಂಡ. ಮಂಡಿಯ ಜಗಲಿ ಹತ್ತಿ ಇಳಿದ ಕಾಲು. ರಂಗಾಜಮ್ಮನ ಜೊತೆ ಏಳು ಹೆಜ್ಜೆ ಹಾಕಿದ ಕಾಲು. ಆ ಪಾದದ ಮೇಲೆ ಕೈ ಇಟ್ಟ. ಕೈಗೆ ಪಾದ ತಿಳಿಯಿತು, ಪಾದಕ್ಕೆ ಕೈ ತಿಳಿಯಲಿಲ್ಲ. ಮೊದಲನೆಯ ಸಲ ಆ ಮನುಷ್ಯ ಅತ್ತ. ಚಿಕ್ಕ ಮಗುವಿನಂತೆ ಬಿಕ್ಕಿ ಬಿಕ್ಕಿ ಅತ್ತ.

"ಏನ್ ಬಿಡ್ಲಿ ಹೇಳಿ ತಾಯಿ. ಬಿಡ್ತೀನಿ."

"ಬಿಡುವ ಮಾತು ಸಾಕು. ಏನು ತಿನ್ನಬೇಕು ಅಂತ ಕೇಳಿ."

ಎರಡು ಬೆರಳು ಹೋದವು. ಆಸ್ಪತ್ರೆಯಿಂದ ಬಂದ ದಿನ ರಂಗಾಜಮ್ಮ ದೇವರ ಮನೆಗೆ ಹೋಗಿ ಮಿಷನ್ನಿನ ಮೇಲಿನ ಬಾಡಿದ ಹೂ ತೆಗೆದು, ಕುಂಕುಮ ಒರೆಸಿ, ಊಟದ ಮಣೆಯ ಪಕ್ಕ ತಂದಿಟ್ಟಳು. ಅವತ್ತಿನಿಂದ ಅದಕ್ಕೆ ನಿಜವಾದ ಪೂಜೆ. ಊಟವಾಗಿ ಎರಡು ಗಂಟೆಗೆ ಬೆರಳು ಚುಚ್ಚುವುದು, ಬಂದದ್ದನ್ನು ಬಂದ ಹಾಗೆ ಬರೆಯುವುದು. ಉಪ್ಪಿಟ್ಟು ತಿಂದ ದಿನ ಇನ್ನೂರ ತೊಂಬತ್ತು. ರಾಗಿ ಮುದ್ದೆಗೆ ಭಯವಿಲ್ಲ ಅಂತ ಊರಿನವರೆಲ್ಲ ಹೇಳುತ್ತಿದ್ದರಲ್ಲ, ಎರಡು ಮುದ್ದೆ ನುಂಗಿದ ದಿನ ಇನ್ನೂರ ಅರವತ್ತು! ಸೊಪ್ಪಿನ ಪಲ್ಯ, ಮೊಳಕೆ ಹೆಸರುಕಾಳಿನ ಉಸಲಿ, ಒಂದು ಬಟ್ಟಲು ಮೊಸರು, ಎರಡು ಬೇಯಿಸಿದ ಮೊಟ್ಟೆ, ಮೇಲೊಂದು ಸಣ್ಣ ತುಂಡು ರೊಟ್ಟಿ ತಿಂದ ದಿನ ನೂರ ಐವತ್ತು. ಡಾಕ್ಟರಮ್ಮ ಹೇಳಬೇಕಾದದ್ದನ್ನೆಲ್ಲ ಬೆರಳೇ ಹೇಳಿತು.

ಸುಲಭವಾಯಿತು ಅಂದುಕೊಂಡಿರಾ? ಮೊದಲ ವಾರ ದೋಸೆಯ ವಾಸನೆಗೆ ಪಕ್ಕದ ಮನೆಯ ಗೋಡೆಗೆ ಒರಗಿ ನಿಲ್ಲುತ್ತಿದ್ದ. ನಾದಿನಿಯ ಮನೆಗೆ ಹೋದರೆ "ಒಂದೇ ಒಂದು ಹೋಳಿಗೆ ಭಾವ, ಒಂದಕ್ಕೆ ಏನಾಗುತ್ತೆ, ನನ್ನಾಣೆ" ಅಂತ ತಟ್ಟೆಗೆ ಎಸೆದೇ ಬಿಟ್ಟಳು. ಅದಕ್ಕೆ ಸಾಹುಕಾರ ಸಾಕ್ಸ್ ಬಿಚ್ಚಿ ಮೂರು ಬೆರಳಿನ ಪಾದವನ್ನು ತೋರಿಸಿದ. ಆಣೆ ವಾಪಸ್ಸು ಹೋಯಿತು, ಹೋಳಿಗೆಯೂ ಹೋಯಿತು. ಸಕ್ಕರೆ ಇಳಿದ ಹಾಗೆ ಡಾಕ್ಟರಮ್ಮನೇ ಮಾತ್ರೆ, ಆಸ್ಪತ್ರೆಯಲ್ಲಿ ಶುರುವಾದ ಇಂಜೆಕ್ಷನ್ನು ನೋಡಿ ನೋಡಿ ಇಳಿಸಿದಳು. ಸಾಹುಕಾರ ತಾನಾಗಿ ಒಂದನ್ನೂ ಹೆಚ್ಚಿಸಲಿಲ್ಲ, ಬಿಡಲಿಲ್ಲ. ಐದು ತಿಂಗಳಿಗೆ ಗಾಯ ಮುಚ್ಚಿತು. ಮೂರು ತಿಂಗಳ ಸರಾಸರಿ ಏಳಕ್ಕೆ ಬಂತು.

ಮುಂದಿನ ವರ್ಷದ ರಾಮನವಮಿ. ಕಮಿಟಿಯವರು ಮತ್ತೆ ಬಂದರು. ಹೊಸ ಅನ್ನತ್ಯಾಗಿ ಒಬ್ಬ ಸಿಕ್ಕಿದ್ದಾನೆ, ಹಳಬರ ಕೈಯಿಂದಲೇ ಶಾಲು ಹೊದಿಸಬೇಕು ಅಂದರು. ಸಾಹುಕಾರ ಹೋದ. ಅದೇ ಅಂಗಳ, ಅದೇ ಬಿಸಿಲು, ಅದೇ ಕುಣಿತ. ಬರಿಗಾಲು ಇಡಬೇಡಿ ಅಂತ ಡಾಕ್ಟರಮ್ಮನ ಕಟ್ಟಪ್ಪಣೆ ಇತ್ತು. ಅದಕ್ಕೆ ಅಂಗಳದ ಆಚೆ, ಹೊಸ್ತಿಲ ಹೊರಗೆ ಚಪ್ಪಲಿ ಮೆಟ್ಟಿಕೊಂಡೇ ನಿಂತ.

"ಒಳಗೆ ಬನ್ನಿ ಅನ್ನತ್ಯಾಗಿಗಳೇ!" ಅಂತ ಅಧ್ಯಕ್ಷರು ಕೂಗಿದರು.

"ಆ ಬಿರುದು ಸ್ವಲ್ಪ ತಿದ್ದಿ ಅಧ್ಯಕ್ಷರೇ," ಸಾಹುಕಾರ ಅಲ್ಲಿಂದಲೇ ಹೇಳಿದ. "ನಾನು ಅನ್ನ ತ್ಯಾಗ ಮಾಡ್ಲಿಲ್ಲ. ಬೆರಳು ತ್ಯಾಗ ಮಾಡ್ದೆ, ಎರಡು. ಹೋದ ವರ್ಷ ಈ ಕಲ್ಲಿನ ಮೇಲೆ ಕುಣಿದೋರೆಲ್ಲ ಪುಣ್ಯವಂತರು. ಚಪ್ಪಾಳೆ ಬೀಳಬೇಕಾಗಿದ್ದು ನಿಮಗೆ. ಅಲ್ಲಾಡದೆ ನಿಂತೋನು ಯಾರಾದ್ರೂ ಇವತ್ತು ಅಲ್ಲಿ ಇದ್ರೆ, ಶಾಲು ಬೇಡ, ಮೊದಲು ಅವನನ್ನ ಎತ್ಕೊಂಡು ಆಸ್ಪತ್ರೆಗೆ ಓಡಿ."

ಎಲ್ಲರೂ ತಿರುಗಿ ಹೊಸ ಅನ್ನತ್ಯಾಗಿಯ ಪಾದ ನೋಡಿದರು. ಆ ಪುಣ್ಯಾತ್ಮ ಅಲ್ಲಾಡದೆ ನಿಂತಿದ್ದ.

ಕಥೆ ಅಷ್ಟೇ. ಈಗ ನಿಮ್ಮ ಸರದಿ. ಯಾಕೆ ಮುಖ ಆ ಕಡೆ ಮಾಡುತ್ತೀರಿ? ನಾಲಿಗೆಯನ್ನು ಗೆದ್ದೆ ಅನ್ನುವವನು ಏನನ್ನು ಗೆದ್ದಿದ್ದಾನೆ ಅಂತ ಅವನ ತಟ್ಟೆ ನೋಡಿದರೆ ತಿಳಿಯುತ್ತದೆ. ನಾಳೆಯಿಂದ ಒಂದು ಕೆಲಸ ಮಾಡಿ. ತಿನ್ನುವ ಮೊದಲು ಅದರ ಹೆಸರು ಮರೆತುಬಿಡಿ. ಉಪವಾಸದ್ದು, ಪ್ರಸಾದದ್ದು, ಬೆಲ್ಲದ್ದು, ರಾಗಿಯದು ಅಂತ ಏನೂ ಬೇಡ. ತಟ್ಟೆ ನೋಡಿ. ಅರ್ಧ ತಟ್ಟೆ ಪಲ್ಯ, ಸೊಪ್ಪು, ಸೌತೆಕಾಯಿ. ಕಾಳು, ಬೇಳೆ, ಮೊಸರು, ತಿನ್ನುವವರಿಗೆ ಮೊಟ್ಟೆ ಮೀನು. ಹಿಟ್ಟಿನದು, ಅಕ್ಕಿಯದು ಕೊನೆಗೆ, ಒಂದು ಹಿಡಿ. ಕಾಯಿಲೆ ಇರುವವರು ಮಾತ್ರೆ ತಗೊಂಡು ಉಪವಾಸ ಕೂರಬೇಡಿ, ಡಾಕ್ಟರನ್ನು ಕೇಳದೆ ಊಟವನ್ನೂ ಮಾತ್ರೆಯನ್ನೂ ಬದಲಿಸಬೇಡಿ. ಬೆವರಿ ನಡುಕ ಬಂದರೆ ಆಗ ಸಕ್ಕರೆ ನೀರೇ ಔಷಧಿ, ಅಲ್ಲಿ ವ್ರತ ತೋರಿಸಬೇಡಿ. ದೇವರ ಮನೆಯ ಮಿಷನ್ ಕೆಳಗಿಳಿಸಿ. ಪರೀಕ್ಷೆಗೆ ಮೊದಲಿನ ಮೂರು ದಿನ ಹೇಗಿರುತ್ತೀರೋ ಉಳಿದ ದಿನವೂ ಹಾಗೇ ಇರಿ. ತಾಯಂದಿರೇ, ನಿಮಗೊಂದು ಮಾತು. ಬೇಡ ಅಂದವರ ತಟ್ಟೆಗೆ ಆಣೆ ಹಾಕಿ ಬಡಿಸಬೇಡಿ. ಅದು ಉಪಚಾರ ಅಲ್ಲ.

ದಿನಕ್ಕೊಮ್ಮೆ ಪಾದ ನೋಡಿಕೊಳ್ಳಿ. ಗಂಡನದು ಹೆಂಡತಿ, ಹೆಂಡತಿಯದು ಗಂಡ. ಹೌದು ಸ್ವಾಮಿ, ನೀವೂ ಬಗ್ಗಿ ನೋಡಬೇಕು, ಮರ್ಯಾದೆ ಹೋಗುವುದಿಲ್ಲ.

ಈಗ ಏಳಿ. ಹನ್ನೆರಡು ಗಂಟೆ ಆಯಿತು, ಅಂಗಳದ ಕಲ್ಲು ಕಾದಿದೆ. ಅದಕ್ಕೇ ಬಾಗಿಲಿನಿಂದ ಚಪ್ಪಲಿ ಬಿಟ್ಟ ಜಾಗದವರೆಗೆ ಗೋಣಿತಾಟು ಹಾಸಿ ತಣ್ಣೀರು ಚಿಮುಕಿಸಲು ಹೇಳಿದ್ದೇನೆ. ಅದರ ಮೇಲೆ ನಿಧಾನವಾಗಿ ನಡೆಯಿರಿ, ಮಾತಾಡದೆ ನಡೆಯಿರಿ. ಆ ತಂಪು ಅಂಗಾಲಿಗೆ ತಿಳಿದರೆ ದೇವರಿಗೊಂದು ಕೈ ಮುಗಿದು ಮನೆಗೆ ಹೋಗಿ. ತಿಳಿಯದೇ ಹೋದವರು ಯಾರಿಗೂ ಹೇಳಬೇಡಿ, ನನಗೂ ಹೇಳಬೇಡಿ. ಚಪ್ಪಲಿ ಮೆಟ್ಟಿ ನೇರವಾಗಿ ಡಾಕ್ಟರ ಹತ್ತಿರ ಹೋಗಿ, ಇವತ್ತೇ ಹೋಗಿ.

ಆಮೇಲೆ, ಆಗಿನಿಂದ ಅಡುಗೆಮನೆಯ ಕಡೆ ಮೂಗು ಮಾಡಿ ಕೂತವರಿಗೆ ಒಂದು ಮಾತು. ನಿಮಗೆ ಬಂದದ್ದು ಕೇಸರಿಬಾತಿನ ತುಪ್ಪದ ವಾಸನೆ ಅಲ್ಲ, ಕೋಸಂಬರಿಯ ಒಗ್ಗರಣೆ. ಇವತ್ತಿನ ಪ್ರಸಾದ ಹೆಸರುಬೇಳೆ ಕೋಸಂಬರಿ, ಒಂದು ಲೋಟ ನೀರು ಮಜ್ಜಿಗೆ. ಬೇಕಾದರೆ ಎರಡು ಸಲ ಹಾಕಿಸಿಕೊಳ್ಳಿ.